ಅಪ್ಪಲರಾಜು ಹೊಡೆದದ್ದು ಹತ್ತು

ಕೈಯಿಂದ ಮುಟ್ಟಲಾಗದ ವಸ್ತುಗಳನ್ನು ಮಾಡುವುದು ನನ್ನ ಕಸುಬಾಗಿತ್ತು. ಏನು ಕೆಲಸ ಎಂದು ನೆರೆಯವರು ಕೇಳಿದರೆ ‘ನೆಟ್‌ವರ್ಕ್’ ಎಂದಷ್ಟೇ ಹೇಳುತ್ತಿದ್ದೆ. ಅದರ ಫಲವಾಗಿ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ನಮ್ಮ ಬೀದಿಯಲ್ಲಿ ಮೂರು ಮನೆಗಳ ಕೇಬಲ್ ಟಿವಿ ರಿಪೇರಿ ನನ್ನ ಪಾಲಿಗೆ ಬಂತು. ಈಗ ನಿವೃತ್ತನಾಗಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಬಂದು, ಅದು ಹೇಗಿತ್ತು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೆನಪಿರುವುದನ್ನು ಮಾತ್ರ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದು ಹೇಳುತ್ತೇನೆ. ಇಷ್ಟು ಎಚ್ಚರ ನನಗೆ ಹುಟ್ಟಿನಿಂದ ಬಂದದ್ದಲ್ಲ. ಒಮ್ಮೆ ಕಣ್ಣಾರೆ ನೋಡದ ವಿಷಯಕ್ಕೆ ಸಹಿ ಹಾಕಿ, ಒಬ್ಬರ ಕೆಲಸವನ್ನು ಕಳೆಯುವ ಅಂಚಿಗೆ ಹೋಗಿದ್ದೆ.

ಮೊದಲು ಕೆಲಸ ಏನೆಂದು ಹೇಳಬೇಕು. ಒಂದು ಸರಕಿನ ಯಾರ್ಡಿಗೆ ಹೋಗುವ ತಂತಿ ಒಂದೇ ಇರುತ್ತದೆ. ಲಾರಿ ತೂಗುವ ಯಂತ್ರದ ಅಂಕಿ, ಗೇಟಿನ ಕ್ಯಾಮೆರಾದ ಚಿತ್ರ, ಕಚೇರಿಯ ಕಾಗದಪತ್ರ ಎಲ್ಲವೂ ಅದರಲ್ಲೇ ಹೋಗಬೇಕು, ಆದರೆ ಒಂದರೊಳಗೊಂದು ಬೆರೆಯಬಾರದು. ಅದಕ್ಕಾಗಿ ಹತ್ತು ತಂತಿ ಎಳೆಯುವುದಿಲ್ಲ. ಅಲ್ಲಿ ಕೂರಿಸಿದ ಪೆಟ್ಟಿಗೆಯಂಥ ಕಂಪ್ಯೂಟರಿಗೆ ನಿನ್ನಲ್ಲಿ ಹತ್ತು ತಂತಿಗಳಿವೆ ಎಂದು ನಂಬಿಸುತ್ತೇವೆ. ಪ್ರತಿಯೊಂದು ಸುಳ್ಳು ತಂತಿಗೂ ಒಂದು ಹೆಸರು, ಒಂದು ಸಂಖ್ಯೆ. ಪುಸ್ತಕದಲ್ಲಿ ಅದನ್ನು ಸಾಫ್ಟ್‌ವೇರ್ ನೆಟ್‌ವರ್ಕ್ ಸಾಧನ ಎನ್ನುತ್ತಾರೆ. ಯಾರ್ಡಿನವರು ಲೈನ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಲೈನನ್ನು ಹುಟ್ಟಿಸುವುದು ಕರ್ನಲ್, ಅಂದರೆ ಕಂಪ್ಯೂಟರಿನ ಗರ್ಭಗುಡಿ; ಅಲ್ಲಿಗೆ ಯಾರೂ ನೇರ ಹೋಗುವಂತಿಲ್ಲ. ಹೊರಗೆ ಮನುಷ್ಯ ಒಂದು ಸಾಲು ಟೈಪ್ ಮಾಡುತ್ತಾನೆ, ಅದಕ್ಕೆ ಕಮಾಂಡ್ ಎಂದು ಹೆಸರು. ಆ ಸಾಲು ಹೇಗಿರಬೇಕು, ಒಳಗೆ ಕರ್ನಲ್‌ಗೆ ಯಾವ ರೂಪದಲ್ಲಿ ಮುಟ್ಟಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ.

ನಾನು ಹಾವೇರಿ ಕಡೆಯವನು. ನನ್ನ ಹೆಂಡತಿ ಶಾರದಾ ಬ್ಯಾಂಕ್ ಅಧಿಕಾರಿ. ಅವಳಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ನಾನು ಅವಳ ಟ್ರಂಕಿನ ಹಿಂದೆ ಬಂದೆ. ಬಂದು ಸೇರಿದ್ದು ಗೋದಾಮು, ಯಾರ್ಡುಗಳಿಗೆ ಇಂಥ ಪೆಟ್ಟಿಗೆಗಳನ್ನು ಮಾಡಿಕೊಡುವ ಒಂದು ಸಣ್ಣ ಕಂಪನಿಗೆ. ಮುಖ್ಯ ಕಚೇರಿ ವಿಜಯವಾಡದಲ್ಲಿ, ಶಾಖೆ ವಿಶಾಖಪಟ್ಟಣದಲ್ಲಿ. ಅವಳಿಗೆ ಎರಡು ವರ್ಷದ ಮೇಲೆ ಮತ್ತೆ ವರ್ಗವಾಗಬೇಕಿತ್ತು. ಏನೇನೋ ಕಾರಣಕ್ಕೆ ಆಗಲಿಲ್ಲ, ನಾವು ಇಲ್ಲೇ ಉಳಿದೆವು.

ನನ್ನ ಮೊದಲ ಕಮಾಂಡ್ ನೆನೆದರೆ ಈಗಲೂ ನಗು ಬರುತ್ತದೆ. ಲೈನ್ ಮಾಡಲು ಐದು ಅಂಕಿಗಳನ್ನು ಸಾಲಾಗಿ ಹೊಡೆಯಬೇಕು. ಮೂರನೆಯದು ತಂತಿ, ನಾಲ್ಕನೆಯದು ಲೈನಿನ ಸಂಖ್ಯೆ, ಐದನೆಯದು ಏನೆಂದು ನನಗೇ ಮರೆತಿದೆ. ಬಹಳ ಚುಟುಕಾಗಿದೆ ಎಂದು ನಾನು ಬೀಗಿದ್ದೆ. ತಿಂಗಳ ಮೇಲೆ ಒಂದು ಗೋದಾಮಿಗೆ ಹೋದರೆ ಆ ಐದು ಅಂಕಿಗಳನ್ನು ಪೆಟ್ಟಿಗೆಯ ಪಕ್ಕದ ಗೋಡೆಗೆ ಬಣ್ಣದಲ್ಲಿ ಬರೆಸಿದ್ದರು. ಸುತ್ತ ಅರಿಶಿನದ ಬೊಟ್ಟುಗಳೂ ಇದ್ದವು.

ವಿಜಯವಾಡದಲ್ಲಿ ನನ್ನ ಮೇಲಧಿಕಾರಿ ಅನ್ನಪೂರ್ಣ ಮೇಡಂ. ಗೋಡೆಯ ಫೋಟೋ ತೋರಿಸಿದೆ. ಅವರು ನಗಲಿಲ್ಲ.

“ರಾವ್ ಗಾರು, ಪೂಜೆ ಮಾಡೋ ಹಂಗಿದ್ರೆ ಅದು ಮಂತ್ರ, ಕಮಾಂಡ್ ಅಲ್ಲ. ಬದಲಾಯಿಸಿ,” ಎಂದರು. ನಾವು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಾರು ಎಂಬ ಗೌರವದ ಮಾತನ್ನು ಮಾತ್ರ ತೆಗೆಯಲು ಮನಸ್ಸು ಬರುವುದಿಲ್ಲ.

ಆಗ ಅವರು ತಂದ ಪದ್ಧತಿಯೇ ಫೋನ್ ಪರೀಕ್ಷೆ. ಹೊಸ ಕಮಾಂಡ್ ಏನೇ ಇರಲಿ, ಅದನ್ನು ಮೇಡಂ ವಿಜಯವಾಡದಿಂದ ಫೋನಿನಲ್ಲಿ ಓದಬೇಕು. ಅದನ್ನು ಹಿಂದೆಂದೂ ನೋಡದವರು ವಿಶಾಖಪಟ್ಟಣದಲ್ಲಿ ಕೇಳಿ ಟೈಪ್ ಮಾಡಬೇಕು. ಒಂದೇ ಸಲಕ್ಕೆ ಲೈನ್ ಬಂದರೆ ಪಾಸು, ಇಲ್ಲದಿದ್ದರೆ ನಾನು ಮೊದಲಿನಿಂದ ಬರೆಯಬೇಕು. ಓದಿ ಹೇಳಲಾಗದ ಕಮಾಂಡನ್ನು ಬಿಸಿಲಲ್ಲಿ, ಲಾರಿ ಹಾರನ್ನಿನ ನಡುವೆ ಯಾರೂ ಹೊಡೆಯಲಾರರು ಎಂಬುದು ಅವರ ವಾದ. ನೂರಕ್ಕೆ ನೂರು ಸರಿ. ಹೊಸಬರಿಗೆ ನಾನು ಹೇಳುವ ಮೊದಲ ಬುದ್ಧಿಮಾತೂ ಅದೇ.

ಇನ್ನೊಂದು ನಿಯಮವನ್ನೂ ಅವರೇ ಮಾಡಿದರು. ಲೈನಿನ ಹೆಸರಿನಲ್ಲಿ ಊರಿನ ಹೆಸರು ಪೂರ್ತಿ ಇರಬೇಕು. ವಿಶಾಖಪಟ್ಟಣ, ವಿಜಯವಾಡ ಎರಡನ್ನೂ ಇಂಗ್ಲಿಷಿನಲ್ಲಿ ಮೂರು ಮೂರು ಅಕ್ಷರಕ್ಕೆ ಇಳಿಸಿದರೆ ಒಂದೇ ಅಕ್ಷರದ ವ್ಯತ್ಯಾಸ. ಯಾರೋ ಒಂದರ ಬದಲು ಇನ್ನೊಂದನ್ನು ಹೊಡೆದು ಅರ್ಧ ದಿನ ಪರದಾಡಿದ ಮೇಲೆ ಈ ನಿಯಮ ಬಂತು. ಊರು, ಒಂದು ಅಡ್ಡಗೆರೆ, ಆಮೇಲೆ ಒಂದು, ಎರಡು, ಮೂರು ಎಂದು ಅಂಕಿ.

ಒಳಗಿನ ದಾರಿಯೂ ಈ ಮಧ್ಯೆ ಬದಲಾಯಿತು. ಮೊದಮೊದಲು ಕರ್ನಲ್‌ಗೆ ಸಂಗತಿಗಳನ್ನು ಅಚ್ಚು ಹಾಕಿದ ಅರ್ಜಿಯಂತೆ ಕಳಿಸುತ್ತಿದ್ದೆವು: ಮೊದಲ ಖಾನೆಯಲ್ಲಿ ಇದು, ಎರಡನೆಯದರಲ್ಲಿ ಅದು. ಹೊಸ ಖಾನೆ ಬೇಕೆಂದರೆ ಹಳೆಯ ಅರ್ಜಿಗಳೆಲ್ಲ ರದ್ದಿ. ಆಮೇಲೆ ಚೀಟಿಗಳ ಪದ್ಧತಿ ಬಂತು. ಪ್ರತಿ ಸಂಗತಿಗೂ ಒಂದೊಂದು ಚೀಟಿ, ಪ್ರತಿ ಚೀಟಿಯ ಮೇಲೆ ಅದು ಏನು, ಎಷ್ಟು ಉದ್ದ ಎಂಬ ಬರಹ. ಗೊತ್ತಿರುವ ಚೀಟಿಯನ್ನು ಕರ್ನಲ್ ಓದುತ್ತದೆ, ಗೊತ್ತಿಲ್ಲದ್ದನ್ನು ಪಕ್ಕಕ್ಕಿಡುತ್ತದೆ. ಈ ಬದಲಾವಣೆಯ ಹೊತ್ತಿಗೆ ನಾನು ಮೂರು ತಿಂಗಳು ಚೀಟಿಗಳ ಲೆಕ್ಕದಲ್ಲೇ ಇದ್ದೆ. ಊಟಕ್ಕೆ ಕುಳಿತಾಗ ಶಾರದಾ ನನ್ನ ತಟ್ಟೆಯ ಪಕ್ಕ ‘ಇದು ಸಾರು’ ಎಂದು ಬರೆದ ಚೀಟಿ ಇಟ್ಟಿದ್ದಳು.

ಆ ಬದಲಾವಣೆಯಲ್ಲಿ ನಾನು ಎರಡು ಉಪಕಾರಗಳನ್ನು ಸೇರಿಸಿದೆ. ಉಪಕಾರ ಎಂದೇ ತಿಳಿದಿದ್ದೆ. ಕರೆಂಟು ಹೋಗಿ ಬಂದಾಗ ಯಾರ್ಡಿನವರು ತಮ್ಮ ಕಮಾಂಡ್‌ಗಳನ್ನೆಲ್ಲ ಮತ್ತೊಮ್ಮೆ ಹೊಡೆಯುತ್ತಿದ್ದರು. ಆಗಲೇ ಇರುವ ಲೈನಿಗೆ ‘ಈ ಹೆಸರು ಈಗಾಗಲೇ ಇದೆ’ ಎಂಬ ದೂರು ಪರದೆ ತುಂಬ ಬಂದು ಅವರು ಗಾಬರಿಯಾಗುತ್ತಿದ್ದರು. ಹಾಗಾಗಿ ಆ ದೂರನ್ನು ತೆಗೆದೆ. ಹೆಸರು ಇಲ್ಲದಿದ್ದರೆ ಹೊಸ ಲೈನ್ ಮಾಡು, ಇದ್ದರೆ ಇರುವುದನ್ನೇ ಹೊಸ ವಿವರಕ್ಕೆ ಬದಲಿಸು, ಸುಮ್ಮನಿರು. ಎರಡನೆಯದು ಇನ್ನೂ ಸಣ್ಣದು. ಕರ್ನಲ್‌ನಲ್ಲಿ ಲೈನಿನ ಹೆಸರಿಗೆ ಹದಿನೈದು ಅಕ್ಷರಗಳ ಜಾಗ ಮಾತ್ರ ಇದೆ. ಹೆಸರು ಅದಕ್ಕಿಂತ ಉದ್ದವಾದರೆ ನನ್ನ ಕಮಾಂಡ್ ಹದಿನೈದಕ್ಕೆ ಕತ್ತರಿಸಿ ಒಳಗೆ ಕಳಿಸುತ್ತಿತ್ತು. ಇಷ್ಟಕ್ಕೆಲ್ಲ ಜನರನ್ನು ಯಾಕೆ ನಿಲ್ಲಿಸಬೇಕು ಎಂದುಕೊಂಡಿದ್ದೆ. ಫೋನ್ ಪರೀಕ್ಷೆಯಲ್ಲಿ ಎರಡೂ ಪಾಸಾದವು. ಮೇಡಂ ಓದಿದ್ದು ವಿಜಯವಾಡ ಒಂದು, ವಿಜಯವಾಡ ಹತ್ತು, ವಿಜಯವಾಡ ನೂರು. ಎಲ್ಲವೂ ಬಂದವು.

ಇನ್ನು ಅಪ್ಪಲರಾಜು. ನಮ್ಮ ವಿಶಾಖಪಟ್ಟಣ ಶಾಖೆಯ ಟೆಕ್ನೀಷಿಯನ್, ನಲವತ್ತೈದರ ಆಸುಪಾಸು. ಫೋನ್ ಪರೀಕ್ಷೆಯಲ್ಲಿ ಟೈಪ್ ಮಾಡುತ್ತಿದ್ದವರು ಹೆಚ್ಚಾಗಿ ಅವರೇ. ಎರಡೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಹೊಡೆಯುತ್ತಿದ್ದರು. ಅವರಷ್ಟು ನಿಧಾನವಾಗಿ ಹೊಡೆಯುವವರನ್ನು ನಾನು ಕಂಡಿಲ್ಲ, ಅವರಷ್ಟು ಕಡಿಮೆ ತಪ್ಪು ಮಾಡುವವರನ್ನೂ ಕಂಡಿಲ್ಲ.

ಊರಾಚೆಯ ಒಂದು ಖಾಸಗಿ ಯಾರ್ಡಿನಲ್ಲಿ ಒಂಬತ್ತು ಲೈನುಗಳಿದ್ದವು. ಒಂದನೆಯದು ಗೇಟಿನ ತೂಕದ ಯಂತ್ರದ್ದು. ತೂಕ ಕಚೇರಿಗೆ ತಲುಪಿದರೆ ಮಾತ್ರ ಗೇಟಿನ ಅಡ್ಡಗೋಲು ಏಳುತ್ತಿತ್ತು. ಹೊಸ ಶೆಡ್ಡಿನ ಕ್ಯಾಮೆರಾಕ್ಕೆ ಹತ್ತನೆಯ ಲೈನ್ ಬೇಕೆಂದರು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಪ್ಪಲರಾಜು ಹೋಗಿ ಕಮಾಂಡ್ ಹೊಡೆದರು. ನಮ್ಮ ಕಮಾಂಡ್ ಏನೂ ಹೇಳದೆ ಮುಗಿದರೆ ಕೆಲಸ ಆಯಿತು ಎಂದರ್ಥ. ಅದು ಏನೂ ಹೇಳಲಿಲ್ಲ. ಒಂದು ನಿಮಿಷದಲ್ಲಿ ಗೇಟು ನಿಂತಿತು. ಅನಕಾಪಲ್ಲಿಯಿಂದ ಬೆಲ್ಲ ಹೊತ್ತು ಬಂದ ಲಾರಿಗಳು ರಸ್ತೆಯ ತಿರುವಿನವರೆಗೆ ಸಾಲುಗಟ್ಟಿದವು. ಬೆಲ್ಲ ಬಿಸಿಲಿಗೆ ಜಿನುಗತೊಡಗಿತು, ಕಣಜದ ಹುಳುಗಳು ಬಂದವು, ಡ್ರೈವರುಗಳು ಕ್ಯಾಬಿನ್ ಗಾಜು ಏರಿಸಿ ಒಳಗೆ ಬೆವರುತ್ತ ಬೈದರು. ಎರಡು ಗಂಟೆ ತೂಕದ ಯಂತ್ರ, ತಂತಿಗಳಲ್ಲೇ ಹುಡುಕಿದರೂ ಕಾರಣ ಸಿಗದೆ ಅಪ್ಪಲರಾಜು ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸಿದರು. ಹೊತ್ತಿಕೊಂಡಾಗ ಅದು ಮೊದಲೇ ಉಳಿಸಿಟ್ಟಿದ್ದ ಒಂಬತ್ತು ಲೈನುಗಳನ್ನು ಹಾಗೇ ಮಾಡಿಕೊಂಡಿತು, ಗೇಟು ಎದ್ದಿತು. ಅದರ ಜೊತೆಗೆ, ಏನಾಗಿತ್ತು ಎಂಬುದರ ಗುರುತೂ ಅಳಿಸಿಹೋಯಿತು.

ಉಳಿದದ್ದು ಒಂದೇ ದಾಖಲೆ, ಕರ್ನಲ್ ಕಡೆಯಿಂದ ನಾನು ಬರೆಸುತ್ತಿದ್ದದ್ದು. ಅದರಲ್ಲಿ ಸ್ಪಷ್ಟವಾಗಿತ್ತು: ಅಪ್ಪಲರಾಜುವಿನ ಲಾಗಿನ್‌ನಿಂದ ವಿಶಾಖಪಟ್ಟಣದ ಒಂದನೆಯ ಲೈನನ್ನು ಬದಲಿಸಲಾಗಿದೆ. ಅಪ್ಪಲರಾಜು ತಾನು ಹತ್ತು ಎಂದೇ ಹೊಡೆದದ್ದು ಎಂದರು. ಯಾರ್ಡಿನ ಮ್ಯಾನೇಜರ್, ಕೆಲಸದ ಹೊತ್ತಿನಲ್ಲಿ ತೂಕದ ಲೈನ್ ಮುಟ್ಟಿ ಈಗ ಸುಳ್ಳು ಹೇಳುತ್ತಿದ್ದಾರೆ ಎಂದು ಪತ್ರ ಬರೆದರು. ಅನ್ನಪೂರ್ಣ ಮೇಡಂ ನನಗೆ ಫೋನ್ ಮಾಡಿದರು.

“ರಾವ್ ಗಾರು, ದಾಖಲೆ ತಪ್ಪಾಗಿರೋ ಸಾಧ್ಯತೆ ಇದೆಯಾ?”

“ಇಲ್ಲ ಮೇಡಂ. ಕರ್ನಲ್ ಮಾಡಿದ್ದನ್ನೇ ಅದು ಬರೆಯುತ್ತೆ.”

“ಬರೆದು ಸಹಿ ಮಾಡಿ ಕಳಿಸಿ.”

ಕಳಿಸಿದೆ. ಅಪ್ಪಲರಾಜುವನ್ನು ಅಮಾನತು ಮಾಡಿದರು, ಹದಿನೈದು ದಿನದ ಮೇಲೆ ವಿಜಯವಾಡದಲ್ಲಿ ವಿಚಾರಣೆ ಎಂದರು. ನಾನು ಬರೆದ ಮಾತು ನಿಜವೇ ಆಗಿತ್ತು. ನನ್ನನ್ನು ಈಗಲೂ ಅಲುಗಿಸುವುದು ಅದೇ. ಕರ್ನಲ್ ಏನು ಮಾಡಿತೆಂದು ಬರೆದಿದ್ದೆ. ಮನುಷ್ಯ ಏನು ಹೊಡೆದನೆಂದು ನಾನು ನೋಡಿರಲಿಲ್ಲ, ನೋಡಿಲ್ಲ ಎಂದು ಬರೆದಿರಲೂ ಇಲ್ಲ.

ವಿಚಾರಣೆಗೆ ಐದು ದಿನ ಇರುವಾಗ ಅಪ್ಪಲರಾಜು ಭಾನುವಾರ ಬೆಳಿಗ್ಗೆ ಮನೆಗೆ ಬಂದರು. ಕುಳಿತುಕೊಳ್ಳಲಿಲ್ಲ.

“ಸಾರ್, ಕೆಲಸ ಹೋದರೆ ಇನ್ನೊಂದು ಸಿಗುತ್ತೆ. ಸುಳ್ಳು ಹೇಳಿದ ಅಂತ ಹೋದರೆ ಈ ಊರಲ್ಲಿ ಯಾವ ಯಾರ್ಡಿನವನೂ ಗೇಟು ದಾಟಿಸಲ್ಲ. ನಾನು ಹತ್ತು ಹೊಡೆದೆ. ಒಂದು ಹೊಡೆದೆ, ಸೊನ್ನೆ ಹೊಡೆದೆ. ಬಾಯಲ್ಲಿ ಹೇಳಿಕೊಂಡೇ ಹೊಡೆದೆ.”

“ದಾಖಲೆಯಲ್ಲಿ ಒಂದು ಅಂತಿದೆ, ರಾಜು.”

“ನಿಮ್ಮ ದಾಖಲೆ ನನ್ನ ಬಾಯಿ ಕೇಳಿಸಿಕೊಂಡಿತಾ ಸಾರ್?”

ಅವರು ಹೋದ ಮೇಲೆ, ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಶಾರದಾ ಹೊರಗೆ ಬಂದಳು.

“ಅಲ್ರೀ, ನೀವು ಸಹಿ ಹಾಕಿದ್ದು ಕಣ್ಣಾರೆ ನೋಡಿದ್ದಕ್ಕೋ, ಮನಸಿನ್ಯಾಗ ನಂಬಿದ್ದಕ್ಕೋ?”

“ನಾನೇ ಬರೆದ ಪ್ರೋಗ್ರಾಮ್ ಅದು, ಶಾರದಾ.”

“ಅದಕ್ಕ ಕೇಳಿದೆ. ಬ್ಯಾಂಕಿನ್ಯಾಗ ತಾನ ಬರ್ದದ್ದನ್ನ ತಾನ ತಪಾಸ ಮಾಡಂಗಿಲ್ಲ. ನಾಳಿ ಅವರನ್ನ ಕೂಡಿಸ್ಕೊಂಡು ಹೊಡಸ್ರಿ. ನೀವು ಕೈ ಕಟ್ಟಿ ಕೂಡ್ರಿ.”

ಸೋಮವಾರ ಶಾಖೆಯಲ್ಲಿ ಒಂದು ಹೊಸ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ಅಮಾನತಾದವರು ಒಳಗೆ ಬರಬಾರದಿತ್ತು. ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಸಿ ಅವರನ್ನು ಕರೆತಂದೆ. ಅಂದು ಮಾಡಿದ್ದನ್ನೇ ಮಾಡಿ ಎಂದೆ. ನಾನು ಕೈ ಕಟ್ಟಿ ಕುಳಿತೆ. ಅವರು ಒಂದರಿಂದ ಒಂಬತ್ತರವರೆಗೆ ಲೈನ್ ಮಾಡಿದರು. ಒಂದನೆಯ ಲೈನಿನ ಸಂಖ್ಯೆ ನೂರಾ ಒಂದು, ಒಂಬತ್ತನೆಯದರದ್ದು ನೂರಾ ಒಂಬತ್ತು. ಆಮೇಲೆ ಹತ್ತು, ಸಂಖ್ಯೆ ನೂರಾ ಹತ್ತು. ಒಂದು ಎಂದರು, ಒಂದು ಹೊಡೆದರು. ಸೊನ್ನೆ ಎಂದರು, ಸೊನ್ನೆ ಹೊಡೆದರು. ನಾನು ಪರದೆಯಲ್ಲಿ ಎರಡೂ ಅಂಕಿ ನೋಡಿದೆ. ಎಂಟರ್. ಪೆಟ್ಟಿಗೆ ಏನೂ ಹೇಳಲಿಲ್ಲ.

ಪಟ್ಟಿ ತೆಗೆದೆವು. ಒಂಬತ್ತೇ ಲೈನುಗಳಿದ್ದವು. ಒಂದನೆಯದರ ಎದುರಿಗೆ ನೂರಾ ಹತ್ತು ಎಂದಿತ್ತು.

ಬೆರಳು ಮಡಚಿ ಎಣಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ವಿಶಾಖಪಟ್ಟಣಂ ಎಂದು ಬರೆದರೆ ಹದಿಮೂರು. ಅಡ್ಡಗೆರೆ ಸೇರಿ ಹದಿನಾಲ್ಕು. ಒಂದು ಅಂಕಿ ಬಂದರೆ ಹದಿನೈದು, ಜಾಗ ಭರ್ತಿ. ಹತ್ತರ ಸೊನ್ನೆ ಹದಿನಾರನೆಯದು. ಅದನ್ನು ನನ್ನ ಕಮಾಂಡ್ ಕತ್ತರಿಸಿತು, ಹತ್ತು ಒಂದಾಯಿತು. ಒಂದು ಆಗಲೇ ಇತ್ತು. ಅದನ್ನು ಸುಮ್ಮನೆ ಬದಲಿಸಿತು, ತೂಕದ ಅಂಕಿ ಕಚೇರಿಗೆ ಹೋಗುವ ದಾರಿ ತಪ್ಪಿತು. ದಾಖಲೆ ಬರೆದದ್ದು ಕತ್ತರಿಸಿದ ಮೇಲೆ. ವಿಜಯವಾಡಕ್ಕೆ ಹತ್ತೇ ಅಕ್ಷರ. ಆ ಹೆಸರಿಟ್ಟುಕೊಂಡು ನಾವು ನೂರು ಲೈನ್ ಪರೀಕ್ಷಿಸಿದ್ದರೂ ಇದು ಕಾಣುತ್ತಿರಲಿಲ್ಲ.

ಅಪ್ಪಲರಾಜುವಿಗೆ ಎಲ್ಲ ವಿವರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಓರಿ ನಾಯನೋ! ಇಷ್ಟು ದೊಡ್ಡ ಬಂದರು ಇರೋ ಊರು, ನಿಮ್ಮ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲವಾ ಸಾರ್?”

ನಾನು ನಕ್ಕೆ. ಕಣ್ಣಲ್ಲಿ ನೀರೂ ಬಂತು. ನಗುವಿನಿಂದಲೇ ಬಂತು ಎಂದು ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ಬೆಳಗಿನ ರೈಲಿನಲ್ಲಿ ವಿಜಯವಾಡಕ್ಕೆ ಹೋದೆ. ಮೇಡಂ ಕಡತದಿಂದ ತಲೆ ಎತ್ತಿ ನೋಡಿದರು. ನಾನು ವಿವರಿಸಲು ಹೋಗಲಿಲ್ಲ. “ಮೇಡಂ, ಒಂದು ಫೋನ್ ಪರೀಕ್ಷೆ ಮಾಡೋಣ. ಈ ಸಲ ವಿಶಾಖಪಟ್ಟಣದವರು ಓದುತ್ತಾರೆ, ನೀವು ಹೊಡೆಯಿರಿ,” ಎಂದೆ. ಅಷ್ಟು ವರ್ಷಗಳಲ್ಲಿ ಪರೀಕ್ಷೆ ಆ ದಿಕ್ಕಿನಿಂದ ಒಮ್ಮೆಯೂ ನಡೆದಿರಲಿಲ್ಲ. ಅವರು ಹುಬ್ಬು ಏರಿಸಿದರು, ಆದರೆ ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು.

ಫೋನಿನಲ್ಲಿ ಅಪ್ಪಲರಾಜು ಒಂದೊಂದಾಗಿ ವಿಶಾಖಪಟ್ಟಣದ ಹೆಸರಿನ ಒಂಬತ್ತು ಲೈನ್ ಓದಿದರು, ಮೇಡಂ ಹೊಡೆದರು. ಅವರು ಹತ್ತೂ ಬೆರಳಿನಲ್ಲಿ ಹೊಡೆಯುವವರು, ಚಕಚಕ ಮುಗಿಯಿತು.

“ಈಗ ಹತ್ತು ಮೇಡಂ. ಒಂದು, ಸೊನ್ನೆ. ನಿಧಾನ.”

“ನನಗೆ ಹತ್ತು ಬರೆಯೋಕೆ ಬರುತ್ತೆ, ಅಪ್ಪಲರಾಜು.”

“ನನಗೂ ಬರುತ್ತೆ ಮೇಡಂ. ಯಾರೂ ನಂಬಲಿಲ್ಲ.”

ಮೇಡಂ ಎಂಟರ್ ಒತ್ತಿದರು. ಪಟ್ಟಿ ತೆಗೆದರು. ಎಣಿಸಿದರು. ಎಲ್ಲವನ್ನೂ ಅಳಿಸಿ ಮೊದಲಿನಿಂದ, ಈ ಸಲ ಎರಡೇ ಬೆರಳಿನಲ್ಲಿ ಹೊಡೆದರು. ಮತ್ತೆ ಒಂಬತ್ತು. ಕುರ್ಚಿಗೆ ಒರಗಿ ನನ್ನ ಕಡೆ ತಿರುಗಿದರು.

“ರಾವ್ ಗಾರು, ನೀವು ನೋಡಿದಿರಲ್ಲ? ನಾನು ಹತ್ತು ಅಂತಲೇ ಹೊಡೆದೆ.”

“ನೋಡಿದೆ ಮೇಡಂ.”

ಫೋನಿನೊಳಗಿಂದ ಅಪ್ಪಲರಾಜು, “ನಿಮಗೆ ಸಾಕ್ಷಿ ಇದ್ದಾರೆ ಮೇಡಂ, ಅದೃಷ್ಟವಂತರು,” ಎಂದರು. ಮೇಡಂ ನಕ್ಕುಬಿಟ್ಟರು. ನಗು ನಿಂತ ಮೇಲೆ ನನ್ನ ಸಹಿಯಿದ್ದ ಕಾಗದವನ್ನು ಕಡತದಿಂದ ತೆಗೆದು ನನ್ನ ಮುಂದಿಟ್ಟರು. ಊರಿನ ಹೆಸರು ಪೂರ್ತಿ ಇರಬೇಕು ಎಂದದ್ದು ತಾವೇ ಎಂಬುದನ್ನು ಆ ದಿನದ ಟಿಪ್ಪಣಿಯಲ್ಲಿ ಮೊದಲ ಸಾಲಾಗಿ ಬರೆದರು. ನನ್ನ ಎರಡು ಉಪಕಾರಗಳನ್ನು ನಾನು ಎರಡನೆಯ, ಮೂರನೆಯ ಸಾಲಾಗಿ ಬರೆದೆ.

ವಿಚಾರಣೆ ರದ್ದಾಯಿತು. ಕಚೇರಿಯವರು ಕಳಿಸಿದ ಪತ್ರದಲ್ಲಿ ‘ಸಂಶಯದ ಲಾಭ ನೀಡಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ’ ಎಂದಿತ್ತು. ಅಪ್ಪಲರಾಜು ಅದನ್ನು ಓದಿ ಮಡಚಿ ವಾಪಸು ಕೊಟ್ಟರು. “ಸಂಶಯ ಯಾರಿಗಿದೆ ಸಾರ್? ಇದ್ದವರು ಬರಲಿ, ಅವರ ಎದುರಿಗೂ ಹೊಡೆದು ತೋರಿಸ್ತೀನಿ.” ಮೇಡಂ ಅದರ ಬದಲು ಬೇರೆ ಪತ್ರ ಬರೆಯಲು ನನಗೇ ಹೇಳಿದರು. ನಾನು ಎರಡು ವಾಕ್ಯ ಬರೆದೆ: ಅಪ್ಪಲರಾಜು ಅವರು ಹತ್ತು ಎಂದೇ ಹೊಡೆದರು. ಅದನ್ನು ಒಂದು ಮಾಡಿದ್ದು ನಾನು ಬರೆದ ಪ್ರೋಗ್ರಾಮ್. ಅವರು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು.

ಕಮಾಂಡನ್ನು ತಿದ್ದಲು ನನಗೆ ಹನ್ನೊಂದು ದಿನ ಹಿಡಿಯಿತು. ಹೊಸ ಲೈನ್ ಮಾಡುವುದಕ್ಕೆ ಒಂದು ಮಾತು, ಇರುವುದನ್ನು ಬದಲಿಸುವುದಕ್ಕೆ ಬೇರೆ ಮಾತು ಇಟ್ಟೆ. ಒಂದನ್ನು ಹೇಳಿದರೆ ಇನ್ನೊಂದು ಆಗದಂತೆ ಒಳಗೆ ಕರ್ನಲ್‌ನಲ್ಲೇ ತಡೆದೆ. ಉದ್ದವಾದ ಹೆಸರನ್ನು ಕತ್ತರಿಸದೆ ತಿರಸ್ಕರಿಸಿದೆ. ದಾಖಲೆಯಲ್ಲಿ ಮನುಷ್ಯ ಹೊಡೆದ ಸಾಲು, ಕರ್ನಲ್ ಮಾಡಿದ ಕೆಲಸ, ಎರಡನ್ನೂ ಪಕ್ಕಪಕ್ಕ ಬರೆಸಿದೆ. ತಿರಸ್ಕರಿಸಿದಾಗ ಪರದೆಯಲ್ಲಿ ಏನು ಬರಬೇಕು ಎಂದು ಅಪ್ಪಲರಾಜುವನ್ನು ಕೇಳಿದೆ. “ತಪ್ಪು ಅಂತ ಹೇಳಿದ್ರೆ ಸಾಕಾಗಲ್ಲ ಸಾರ್. ಹಳೇದು ಹೆಂಗಿದೆ ಅಂತ ಹೇಳಬೇಕು. ಆ ಎರಡು ಗಂಟೆ ನನಗೆ ಬೇಕಾಗಿದ್ದಿದ್ದು ಅದೊಂದೇ,” ಎಂದರು.

ಹೊಸ ಕಮಾಂಡ್ ತೆಗೆದುಕೊಂಡು ಇಬ್ಬರೂ ಅದೇ ಯಾರ್ಡಿಗೆ ಹೋದೆವು. ಅಪ್ಪಲರಾಜು ಜೇಬಿನಿಂದ ತೆಗೆದುಕೊಟ್ಟ ನನ್ನ ಪತ್ರವನ್ನು ಮ್ಯಾನೇಜರ್ ಓದಿದರು. “ಗೇಟು ಮತ್ತೊಮ್ಮೆ ನಿಂತರೆ ಸುಮ್ಮನಿರಲ್ಲ,” ಎಂದಷ್ಟೇ ಹೇಳಿ ಹಿಂದೆ ನಿಂತರು. ಹೊರಗೆ ನಾಲ್ಕು ಲಾರಿಗಳು ಕಾಯುತ್ತಿದ್ದವು.

ಅಪ್ಪಲರಾಜು ನಿಂತುಕೊಂಡೇ, ಬೇಕೆಂದೇ, ಹಳೆಯ ಉದ್ದದ ಹೆಸರನ್ನು ಹೊಡೆದರು. ಒಂದು, ಸೊನ್ನೆ, ಎಂಟರ್. ಪರದೆಯಲ್ಲಿ ಬಂತು: ‘ಹೆಸರು ಹದಿನೈದು ಅಕ್ಷರ ಮೀರಿದೆ. ಹೊಸ ಲೈನ್ ಮಾಡಿಲ್ಲ. ಹಳೆಯ ಯಾವ ಲೈನನ್ನೂ ಮುಟ್ಟಿಲ್ಲ.’

ಮ್ಯಾನೇಜರ್ ಅದನ್ನು ಬಾಯಿಬಿಟ್ಟು ಓದಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಅಡ್ಡಗೋಲು ಎದ್ದಿತು, ಒಂದು ಲಾರಿ ಒಳಗೆ ಬಂತು. ಅಡ್ಡಗೋಲು ಇಳಿಯಿತು, ಮತ್ತೆ ಎದ್ದಿತು. ಅಪ್ಪಲರಾಜು ತಿರುಗಿ ನೋಡದೆ, ಹದಿನೈದರೊಳಗೆ ಹಿಡಿಸುವ ಹೊಸ ಹೆಸರನ್ನು ಒಂದೊಂದು ಅಕ್ಷರ ಹೇಳಿಕೊಂಡು ಹೊಡೆಯತೊಡಗಿದರು. ಮ್ಯಾನೇಜರ್ ತಮ್ಮ ಮೇಜಿನ ಬಳಿ ಹೋಗಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು, ಅಪ್ಪಲರಾಜುವಿನ ಹಿಂದೆ ಇಟ್ಟರು.